ತುಮಕೂರಿನಿಂದ ಪಂದ್ಯ ನೋಡಲು ಹೊರಡುವ ಮುನ್ನ: ಐಪಿಎಲ್, ಟೆಸ್ಟ್, ರಣಜಿ, ಫುಟ್‌ಬಾಲ್, ಕಬಡ್ಡಿ – ಯಾರಿಗೆ ಯಾವುದು ಸರಿ?

ಐಪಿಎಲ್ ವೇಳಾಪಟ್ಟಿ ಹೊರಬಿದ್ದ ಕೂಡಲೇ ತುಮಕೂರಿನ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ಶುರುವಾಗುತ್ತದೆ. ಮಕ್ಕಳಿಗೆ ಆರ್‌ಸಿಬಿ ಪಂದ್ಯವನ್ನು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಕೂತು ನೋಡಬೇಕೆಂಬ ಹಟ. ದೊಡ್ಡವರಿಗೆ ನಾಲ್ಕು ಟಿಕೆಟಿನ ಹಣದಲ್ಲಿ ತಿಂಗಳ ದಿನಸಿಯೇ ಬರುತ್ತದಲ್ಲ ಎಂಬ ಲೆಕ್ಕ. ಓದುಗರು ಈಚೆಗೆ ಕೇಳುತ್ತಿರುವ ಪ್ರಶ್ನೆಗಳೂ ಇದೇ ಧಾಟಿಯವು. ಕುಟುಂಬ ಸಮೇತ ಐಪಿಎಲ್‌ಗೆ ಹೋಗುವುದು ಸರಿಯೇ, ಅದೇ ಹಣದಲ್ಲಿ ಟೆಸ್ಟ್ ಪಂದ್ಯದ ಎರಡು ದಿನ ನೋಡಬಹುದೇ, ಕಾಲೇಜು ಹುಡುಗರ ಕೈಗೆಟಕುವುದು ಫುಟ್‌ಬಾಲೋ ಕಬಡ್ಡಿಯೋ, ಅಥವಾ ಇದೆಲ್ಲ ಬೇಡವೆಂದು ಟಿ.ವಿ. ಮುಂದೆ ಕೂರುವುದೇ ಜಾಣತನವೋ ಎಂದು ಕೇಳುತ್ತಾರೆ. ಬೆಂಗಳೂರಿನವರಿಗಾಗಿ ಬರೆದ ಸಲಹೆಗಳು ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ. ಮಲ್ಲೇಶ್ವರದವರಿಗೆ ಪಂದ್ಯದ ಖರ್ಚೆಂದರೆ ಬಹುಮಟ್ಟಿಗೆ ಟಿಕೆಟ್ ದರ. ಎಪ್ಪತ್ತು ಕಿಲೋಮೀಟರ್ ಆಚೆ ಇರುವ ನಮಗೆ ಅದು ಖರ್ಚಿನ ಒಂದು ಭಾಗ ಮಾತ್ರ. ರಾತ್ರಿ ಹನ್ನೊಂದೂಕಾಲಿಗೆ ಪಂದ್ಯ ಮುಗಿದ ಮೇಲೆ ಮನೆ ಸೇರುವುದು ಹೇಗೆ ಎಂಬುದು ಉಳಿದ ಭಾಗ, ಮತ್ತು ಆಯ್ಕೆಯನ್ನು ತೀರ್ಮಾನಿಸಬೇಕಾದದ್ದು ಹೆಚ್ಚಾಗಿ ಅದೇ ಎಂಬುದು ನನ್ನ ಅಭಿಪ್ರಾಯ.

ಯಾವುದನ್ನು ಅಳೆಯಬೇಕು?

ಮೊದಲನೆಯದು ಒಟ್ಟು ಖರ್ಚು. ಅಂದರೆ ಟಿಕೆಟ್, ತೆರಿಗೆ, ಪ್ರಯಾಣ, ಒಳಗಿನ ಊಟ-ತಿಂಡಿ ಎಲ್ಲ ಸೇರಿದ್ದು. ಎರಡನೆಯದು ಆ ಹಣಕ್ಕೆ ಎಷ್ಟು ಹೊತ್ತಿನ ಆಟ ಸಿಗುತ್ತದೆ ಎಂಬುದು. ಮೂರನೆಯದು ವಾಪಸ್ ಮನೆ ಸೇರುವ ಹೊತ್ತು. ನಾಲ್ಕನೆಯದು ಪಂದ್ಯ ನಿಗದಿಯಾದ ಜಾಗದಲ್ಲಿ, ನಿಗದಿಯಾದ ದಿನ ನಡೆಯುವ ಖಾತ್ರಿ; ಇದನ್ನು ಹಿಂದೆಲ್ಲ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಈಗ ಹಿಡಿಯಲೇಬೇಕಾಗಿದೆ. ಐದನೆಯದು ಜನಜಂಗುಳಿ ಮತ್ತು ಸುರಕ್ಷತೆ. ಇವೆಲ್ಲಕ್ಕಿಂತ ಮುಂಚೆ ನಿಮಗೆ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಿಮಗೆ ಬೇಕಾಗಿರುವುದು ಒಬ್ಬ ಆಟಗಾರನನ್ನು ಕಣ್ಣಾರೆ ನೋಡುವುದೋ, ಆಟವನ್ನು ಹತ್ತಿರದಿಂದ ನೋಡುವುದೋ, ಅಥವಾ ಸಾವಿರಾರು ಜನರ ನಡುವೆ ಕೂಗಾಡುವ ಖುಷಿಯೋ? ಮೂರೂ ಬೇಕೆನ್ನುವುದು ಸಹಜ, ಆದರೆ ಕಡಿಮೆ ಹಣಕ್ಕೆ ಮೂರೂ ಸಿಗುವ ಪಂದ್ಯ ಇಲ್ಲ.

ತೆರಿಗೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲ ಆಯ್ಕೆಗಳ ನಡುವಿನ ಅಂತರವನ್ನು ಅದು ಇನ್ನಷ್ಟು ಹಿಗ್ಗಿಸಿದೆ. ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಮೊದಲು ಶೇ. 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಗಿದೆ. ಮೂಲ ದರ 1,000 ರೂಪಾಯಿ ಇರುವ ಟಿಕೆಟ್ ಹಿಂದೆ 1,280ಕ್ಕೆ ಸಿಗುತ್ತಿದ್ದರೆ ಈಗ 1,400 ಆಗುತ್ತದೆ. ಮಾನ್ಯತೆ ಪಡೆದ ಇತರ ಕ್ರೀಡಾಕೂಟಗಳಿಗೆ ಈ ಹೊಡೆತ ಬಿದ್ದಿಲ್ಲ. ಅಲ್ಲಿ 500 ರೂಪಾಯಿವರೆಗಿನ ಟಿಕೆಟಿಗೆ ಜಿಎಸ್‌ಟಿ ಇಲ್ಲ, ಅದಕ್ಕಿಂತ ಮೇಲಿನದಕ್ಕೆ ಶೇ. 18. ಹೀಗಾಗಿ 500ರ ಒಳಗಿನ ಟಿಕೆಟ್ ಸಿಗುವ ಪಂದ್ಯಗಳನ್ನು ಹುಡುಕುವವರಿಗೆ ಎರಡು ಕಡೆಯಿಂದ ಉಳಿತಾಯವಿದೆ.

ಪ್ರಯಾಣದ ಖರ್ಚು ಎಲ್ಲ ಆಯ್ಕೆಗಳಿಗೂ ಹೆಚ್ಚುಕಡಿಮೆ ಒಂದೇ. ಬಸ್ಸಿನಲ್ಲಿ ಹೋಗುವವರು ಮೆಜೆಸ್ಟಿಕ್‌ವರೆಗೆ ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುವ ಬದಲು ನಾಗಸಂದ್ರ ಅಥವಾ ಜಾಲಹಳ್ಳಿಯ ಬಳಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿಯುವುದು ಲೇಸು. 2024ರ ನವೆಂಬರ್‌ನಲ್ಲಿ ಈ ಮಾರ್ಗ ಮಾದಾವರದವರೆಗೂ ಬಂದಿರುವುದರಿಂದ ಸ್ವಂತ ವಾಹನದವರು ನಗರದ ಒಳಗೆ ಹೋಗದೆಯೇ ಮೆಟ್ರೊ ಹತ್ತಬಹುದು. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಚಿನ್ನಸ್ವಾಮಿ ಎದುರಿಗೇ ಇದೆ, ಫುಟ್‌ಬಾಲ್ ನಡೆಯುವ ಕಂಠೀರವ ಕ್ರೀಡಾಂಗಣಕ್ಕೆ ಸ್ವಲ್ಪ ನಡೆಯಬೇಕು. ರೈಲಿನಲ್ಲಿ ಬಂದವರಿಗೆ ಯಶವಂತಪುರದಲ್ಲೂ ಇದೇ ಮೆಟ್ರೊ ಸಿಗುತ್ತದೆ. 2025ರ ಫೆಬ್ರವರಿಯ ಏರಿಕೆಯಲ್ಲಿ ಮೆಟ್ರೊದ ಗರಿಷ್ಠ ದರ 90 ರೂಪಾಯಿಗೆ ಹೋಯಿತು, ಅದಕ್ಕೂ ಮುಂಚೆ ಅದೇ ವರ್ಷದ ಜನವರಿಯಲ್ಲಿ ಬಸ್ ದರವೂ ಶೇ. 15 ಏರಿತು, ಆದರೂ ಶಕ್ತಿ ಯೋಜನೆ ಇರುವುದರಿಂದ ಮನೆಯ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ರಾಜಹಂಸ, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲವೆಂಬುದನ್ನು ನೆನಪಿನಲ್ಲಿಡಿ. (ಕೋಲಾರದ ಕಡೆಯಿಂದ ಬರುವ ಓದುಗರಿಗೆ ನಮಗಿಂತ ಅನುಕೂಲ: ವೈಟ್‌ಫೀಲ್ಡ್‌ನಲ್ಲಿ ನೇರಳೆ ಮಾರ್ಗ ಹತ್ತಿದರೆ ಎಲ್ಲಿಯೂ ಬದಲಾಯಿಸದೆ ಕಬ್ಬನ್ ಪಾರ್ಕ್ ತಲುಪಬಹುದು.) ನಾಲ್ಕು ಜನರ ಕುಟುಂಬಕ್ಕೆ ಬಸ್ಸು-ಮೆಟ್ರೊ ಸೇರಿ ಹೋಗಿಬರುವ ಖರ್ಚು ಸಾವಿರ ರೂಪಾಯಿ ಆಸುಪಾಸು ಎಂದು ಹಿಡಿದುಕೊಳ್ಳಿ.

ಐಪಿಎಲ್

ಐಪಿಎಲ್ ಟಿಕೆಟ್ ಏಕೆ ಇಷ್ಟು ದುಬಾರಿ ಎಂಬುದಕ್ಕೆ ಉತ್ತರ ಸರಳ. ಒಂದು ತಂಡಕ್ಕೆ ಲೀಗ್ ಹಂತದಲ್ಲಿ ತವರಿನ ಪಂದ್ಯಗಳು ಏಳು. ಚಿನ್ನಸ್ವಾಮಿಯಲ್ಲಿ ಕೂರಬಹುದಾದವರು 35 ಸಾವಿರದ ಆಸುಪಾಸು, ಅದರಲ್ಲೂ ಸದಸ್ಯರು, ಪ್ರಾಯೋಜಕರು, ಅತಿಥಿಗಳ ಪಾಲು ಕಳೆದು ಉಳಿದದ್ದಷ್ಟೇ ಮಾರಾಟಕ್ಕೆ. ಬೇಡಿಕೆಯೋ ರಾಜ್ಯದಗಲಕ್ಕೂ ಇದೆ. 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಗಿರುವ ಟೂರ್ನಿಯಲ್ಲಿ ಮೈದಾನದ ಸೀಟು ತಂಡದ ಮುಖ್ಯ ಆದಾಯವಲ್ಲ. ಅದು ಅಪರೂಪದ ವಸ್ತುವಾಗಿ ಮಾರಾಟವಾಗುತ್ತದೆ, ದರವೂ ಹಾಗೆಯೇ ನಿಗದಿಯಾಗುತ್ತದೆ. 2025ರಲ್ಲಿ ಬೆಂಗಳೂರಿನ ಅತಿ ಅಗ್ಗದ ಸೀಟೇ ಎರಡು ಸಾವಿರ ರೂಪಾಯಿ ದಾಟಿತ್ತು, ಮೇಲಿನ ದರ್ಜೆಯ ಸೀಟುಗಳು ಹತ್ತಾರು ಸಾವಿರಕ್ಕೆ ಹೋಗಿದ್ದವು. ಎದುರಾಳಿ ಚೆನ್ನೈ ಅಥವಾ ಮುಂಬೈ ಆಗಿದ್ದರೆ ದರ ಇನ್ನೂ ಮೇಲೆ.

ಲೆಕ್ಕಕ್ಕೆ ಮೂಲ ದರ 2,000 ಎಂದಿಟ್ಟುಕೊಳ್ಳೋಣ. ತೆರಿಗೆ ಸೇರಿ ಒಬ್ಬರಿಗೆ 2,800, ನಾಲ್ವರಿಗೆ 11,200. ಅದರಲ್ಲಿ ತೆರಿಗೆಯೊಂದೇ 3,200. ಪ್ರಯಾಣದ ಸಾವಿರ ಸೇರಿಸಿ. ಹೊರಗಿನ ತಿಂಡಿ, ನೀರಿನ ಬಾಟಲಿ ಒಳಗೆ ಬಿಡುವುದಿಲ್ಲವಾದ್ದರಿಂದ ಮಕ್ಕಳಿಗೆ ಅಲ್ಲಿಯ ದರದಲ್ಲೇ ಕೊಡಿಸಬೇಕು. ಅದಕ್ಕೆ ಇನ್ನೊಂದು ಸಾವಿರ. ಹದಿಮೂರು ಸಾವಿರ ದಾಟಿದ ಮೇಲೆ ಸಿಗುವುದು ಸುಮಾರು ಮೂರೂವರೆ ಗಂಟೆಯ ಆಟ, ಅಂದರೆ ತಲೆಗೆ ಗಂಟೆಗೆ 800 ರೂಪಾಯಿ ಟಿಕೆಟಿಗೇ. ಅಗ್ಗದ ಸೀಟು ಮೇಲಿನ ಸ್ಟ್ಯಾಂಡಿನಲ್ಲಿ ಸಿಕ್ಕರೆ ಚೆಂಡು ಸ್ವಿಂಗ್ ಆದದ್ದು, ಅಂಚು ತಾಗಿದ್ದು ಗೊತ್ತಾಗುವುದಿಲ್ಲ. ಎಲ್ಲರೂ ಎದ್ದು ಕೂಗಿದ ಮೇಲೆ ದೊಡ್ಡ ಪರದೆಯ ಮರುಪ್ರಸಾರ ನೋಡಿ ಏನಾಯಿತೆಂದು ತಿಳಿದುಕೊಳ್ಳಬೇಕು. ಆದರೆ ಆ ಕೂಗು ಇದೆಯಲ್ಲ, ಅದಕ್ಕೆ ಬದಲಿ ಇಲ್ಲ. ಕೊಹ್ಲಿ ಮೆಟ್ಟಿಲಿಳಿದು ಬರುವಾಗ ಇಡೀ ಕ್ರೀಡಾಂಗಣ ಅದುರುವುದನ್ನು ಟಿ.ವಿ.ಯ ಸ್ಪೀಕರ್ ತೋರಿಸಲಾರದು. ಅದು ಬೇಕೆನ್ನುವವರಿಗೆ ಈ ಲೇಖನದ ಉಳಿದ ಆಯ್ಕೆಗಳು ಸಮಾಧಾನ ಕೊಡುವುದಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ.

ಹಾಗೆ ಹೋಗುವುದೇ ಆದರೆ ತುಮಕೂರಿನವರು ಹುಡುಕಬೇಕಾದದ್ದು ಮಧ್ಯಾಹ್ನ 3.30ರ ಪಂದ್ಯ. ಅದು ಏಳೂವರೆಯೊಳಗೆ ಮುಗಿಯುತ್ತದೆ, ಹತ್ತು ಹತ್ತೂವರೆಗೆ ಮನೆಯಲ್ಲಿರಬಹುದು. ಸಂಜೆ 7.30ರ ಪಂದ್ಯವಾದರೆ ಮುಗಿಯುವುದೇ ಹನ್ನೊಂದೂಕಾಲಿನ ಸುಮಾರಿಗೆ. ಪಂದ್ಯದ ದಿನ ಮೆಟ್ರೊವನ್ನು ಮಧ್ಯರಾತ್ರಿಯವರೆಗೂ ಓಡಿಸುವ ರೂಢಿ ಇದೆ, ಆದರೆ ಕಬ್ಬನ್ ಪಾರ್ಕ್ ನಿಲ್ದಾಣದ ಸಾಲಿನಲ್ಲೇ ಮುಕ್ಕಾಲು ಗಂಟೆ ಹೋಗಬಹುದು. ಆಮೇಲೆ ಮೆಜೆಸ್ಟಿಕ್‌ನಿಂದ ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯ ರಾತ್ರಿ ಬಸ್ಸುಗಳು ಸಿಗುತ್ತವೆ. ಹತ್ತುವ ಮುಂಚೆ ಕಂಡಕ್ಟರನ್ನು ‘ಊರೊಳಗೆ ಹೋಗುತ್ತೋ, ಬೈಪಾಸ್ ಮೇಲೋ’ ಎಂದು ಕೇಳಿಕೊಳ್ಳಿ. ಬೈಪಾಸ್ ಬಸ್ಸಾದರೆ ರಾತ್ರಿ ಎರಡು ಗಂಟೆಗೆ ಹೆದ್ದಾರಿಯ ಬದಿಯಲ್ಲಿ ಇಳಿದು, ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಆಟೊ ಹುಡುಕಬೇಕಾಗುತ್ತದೆ. ಅಷ್ಟು ಹೊತ್ತಿನಲ್ಲಿ ಮೀಟರ್ ಮಾತು ಯಾರೂ ಎತ್ತುವುದಿಲ್ಲ. ಬೆಂಗಳೂರಿನಲ್ಲಿ ನೆಂಟರ ಮನೆ ಇಲ್ಲದ ಕುಟುಂಬಕ್ಕೆ ಸಂಜೆಯ ಪಂದ್ಯವನ್ನು ನಾನು ಶಿಫಾರಸು ಮಾಡುವುದಿಲ್ಲ.

ಇನ್ನು ಖಾತ್ರಿಯ ವಿಷಯ. 2025ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಮಳೆಯಿಂದಾಗಿ ಆರ್‌ಸಿಬಿ–ಪಂಜಾಬ್ ಪಂದ್ಯ ತಲಾ 14 ಓವರಿಗೆ ಇಳಿಯಿತು. ನೋಡಲು ಸಿಕ್ಕ ಆಟ ಕಡಿಮೆ, ಕೊಟ್ಟ ಹಣ ಪೂರ್ತಿ. ಮೇ 17ರಂದು ಕೋಲ್ಕತ್ತ ವಿರುದ್ಧದ ಪಂದ್ಯದಲ್ಲಿ ಟಾಸ್ ಕೂಡ ಆಗಲಿಲ್ಲ, ಆಗ ಆರ್‌ಸಿಬಿ ಟಿಕೆಟ್ ಹಣ ಮರಳಿಸುವುದಾಗಿ ಪ್ರಕಟಿಸಿತು. ಹಣ ಮರಳಿ ಬಂದರೂ ಪ್ರಯಾಣದ ಖರ್ಚು, ಹಾಳಾದ ದಿನ ಮರಳುವುದಿಲ್ಲ. 2017ರಿಂದ ಇಲ್ಲಿ ನೆಲದಡಿಯಿಂದ ನೀರು ಹೀರುವ ಸಬ್‌ಏರ್ ವ್ಯವಸ್ಥೆ ಇದೆ ನಿಜ, ಆದರೆ ಅದು ನಿಂತ ಮಳೆಯ ನೀರನ್ನು ಬೇಗ ಖಾಲಿ ಮಾಡಬಲ್ಲದೇ ಹೊರತು ಸುರಿಯುತ್ತಿರುವ ಮಳೆಗೆ ಏನೂ ಮಾಡಲಾರದು. ಬೆಂಗಳೂರಿನ ಮುಂಗಾರುಪೂರ್ವ ಮಳೆ ಏಪ್ರಿಲ್ ಎರಡನೆಯ ವಾರದಿಂದ ಸಂಜೆಯ ಹೊತ್ತಿಗೇ ಬರುವುದು ವಾಡಿಕೆ, ಆದ್ದರಿಂದ ಮಾರ್ಚ್ ಕೊನೆಯ ಅಥವಾ ಏಪ್ರಿಲ್ ಮೊದಲ ವಾರದ ಪಂದ್ಯವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಮಳೆಗಿಂತ ದೊಡ್ಡ ಅನಿಶ್ಚಿತತೆ ಹುಟ್ಟಿದ್ದು 2025ರ ಜೂನ್ 4ರಂದು. ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದ ಮರುದಿನ ಕ್ರೀಡಾಂಗಣದ ಹೊರಗೆ ನಡೆದ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಆ ಬಳಿಕ ಇಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳೂ ಬೇರೆ ಊರಿಗೆ ಹೋದವು. ಆದ್ದರಿಂದ ಆಯಾ ವರ್ಷದ ವೇಳಾಪಟ್ಟಿಯಲ್ಲಿ ಪಂದ್ಯ ಯಾವ ಊರಲ್ಲಿ ಎಂಬುದನ್ನು ನೋಡಿಯೇ ಮುಂದಿನ ಮಾತು. ಸುರಕ್ಷತೆಯ ಮಟ್ಟಿಗೆ ನನ್ನ ಸಲಹೆ ಎರಡೇ: ಟಿಕೆಟ್ ಇಲ್ಲದೆ ‘ಅಲ್ಲೇ ಸಿಗಬಹುದು’ ಎಂದು ಮಕ್ಕಳನ್ನು ಕರೆದುಕೊಂಡು ಗೇಟಿನ ಹತ್ತಿರ ಹೋಗಬೇಡಿ, ಟಿಕೆಟಿನಲ್ಲಿ ನಮೂದಾದ ಗೇಟಿಗೆ ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ತಲುಪಿ. ಆರ್‌ಸಿಬಿ ತನ್ನ ತವರಿನ ಟಿಕೆಟುಗಳನ್ನು ತನ್ನದೇ ಜಾಲತಾಣ ಮತ್ತು ಆ್ಯಪ್‌ನಲ್ಲಿ ಮಾರುತ್ತದೆ. ಟೆಲಿಗ್ರಾಂ ಗುಂಪುಗಳಲ್ಲಿ ಅರ್ಧ ದರಕ್ಕೆ ಕೊಡುತ್ತೇವೆನ್ನುವವರೂ ಬ್ಲಾಕ್‌ನಲ್ಲಿ ದುಪ್ಪಟ್ಟು ಕೇಳುವವರೂ ಒಂದೇ ಜಾತಿ. ಒಂದೇ ಕ್ಯೂಆರ್ ಕೋಡನ್ನು ನಾಲ್ಕು ಜನರಿಗೆ ಕಳಿಸಿದ್ದರೆ ಗೇಟಿನಲ್ಲಿ ಮೊದಲು ತಲುಪಿದವನಿಗಷ್ಟೇ ಪ್ರವೇಶ.

ಟೆಸ್ಟ್ ಮತ್ತು ಇತರ ಅಂತರರಾಷ್ಟ್ರೀಯ ಪಂದ್ಯಗಳು

ಹಣಕ್ಕೆ ಸಿಗುವ ಆಟದ ಹೊತ್ತನ್ನು ಅಳೆದರೆ ಟೆಸ್ಟ್ ಪಂದ್ಯಕ್ಕೆ ಸಾಟಿಯಾದ ಅಂತರರಾಷ್ಟ್ರೀಯ ಕ್ರಿಕೆಟ್ ಬೇರೆ ಇಲ್ಲ. ದಿನಕ್ಕೆ 90 ಓವರ್, ಆರು ಗಂಟೆಗೂ ಮೀರಿದ ಆಟ. ಗ್ಯಾಲರಿಯ ಸೀಟಿಗೆ ದಿನಕ್ಕೆ 500 ಎಂದುಕೊಂಡರೂ ಗಂಟೆಗೆ 83 ರೂಪಾಯಿ, ಐಪಿಎಲ್‌ನ ಹತ್ತನೇ ಒಂದು ಭಾಗ. ಬೆಳಿಗ್ಗೆ ಒಂಬತ್ತೂವರೆಗೆ ಶುರುವಾಗಿ ಸಂಜೆ ಐದರ ಒಳಗೆ ಮುಗಿಯುವುದರಿಂದ ಮನೆ ಸೇರುವ ಚಿಂತೆಯೂ ಇಲ್ಲ. ಬೆಳಿಗ್ಗೆ ಆರರ ಬಸ್ಸು ಹಿಡಿದರೆ ಸಾಕು, ರಾತ್ರಿ ಊಟಕ್ಕೆ ಮನೆಯಲ್ಲಿರಬಹುದು.

ತೊಂದರೆಯೆಂದರೆ ಬೆಂಗಳೂರಿಗೆ ಟೆಸ್ಟ್ ಪ್ರತಿ ವರ್ಷ ಬರುವುದಿಲ್ಲ. 2018ರಲ್ಲಿ ಅಫ್ಘಾನಿಸ್ತಾನ, 2022ರಲ್ಲಿ ಶ್ರೀಲಂಕಾ, 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ – ಹೀಗೆ ನಡುವೆ ವರ್ಷಗಳೇ ಉರುಳುತ್ತವೆ. ಜೊತೆಗೆ ಯಾವ ದಿನದ ಟಿಕೆಟ್ ಕೊಳ್ಳಬೇಕೆಂಬುದೂ ಒಂದು ಜೂಜೇ. ನ್ಯೂಜಿಲೆಂಡ್ ವಿರುದ್ಧದ ಆ ಪಂದ್ಯದ ಮೊದಲ ದಿನ ಮಳೆಯಿಂದ ಒಂದು ಎಸೆತವೂ ನಡೆಯಲಿಲ್ಲ. ಎರಡನೆಯ ದಿನ ಹೋದವರು ಭಾರತ 46 ರನ್ನಿಗೆ ಆಲೌಟಾದದ್ದನ್ನು ನೋಡಿದರು. ಮೂರನೆಯ ದಿನದವರಿಗೆ ಬೆಂಗಳೂರು ಮೂಲದ ಕುಟುಂಬದ ರಚಿನ್ ರವೀಂದ್ರ ಅವರ 134, ನಾಲ್ಕನೆಯ ದಿನದವರಿಗೆ ಸರ್ಫರಾಜ್ ಖಾನ್ ಅವರ 150 ಮತ್ತು ರಿಷಭ್ ಪಂತ್ ಅವರ 99. ಒಂದೇ ದಿನಕ್ಕೆ ಹಣವಿದೆಯೆಂದಾದರೆ ಮೂರನೆಯ ದಿನವನ್ನು ಆರಿಸಿಕೊಳ್ಳಿ. ಪಿಚ್ ಇನ್ನೂ ಕೆಟ್ಟಿರುವುದಿಲ್ಲ, ಪಂದ್ಯ ಯಾವ ಕಡೆ ವಾಲುತ್ತಿದೆ ಎಂಬುದು ಆಗಷ್ಟೇ ತಿಳಿಯುತ್ತಿರುತ್ತದೆ, ಪಂದ್ಯ ಬೇಗ ಮುಗಿದುಹೋಗುವ ಅಪಾಯವೂ ಐದನೆಯ ದಿನದಷ್ಟು ಇರುವುದಿಲ್ಲ.

ಏಕದಿನ ಮತ್ತು ಟಿ20 ಅಂತರರಾಷ್ಟ್ರೀಯ ಪಂದ್ಯಗಳು ನಡುವಿನ ಸ್ಥಿತಿಯವು: ಟೆಸ್ಟಿಗಿಂತ ದುಬಾರಿ, ಐಪಿಎಲ್‌ಗಿಂತ ತೆರಿಗೆ ಕಡಿಮೆ, ಟಿಕೆಟ್ ಸಿಗುವುದು ಮಾತ್ರ ಅಷ್ಟೇ ಕಷ್ಟ. ಹಗಲು-ರಾತ್ರಿಯ ಏಕದಿನ ಪಂದ್ಯದಲ್ಲಿ ಮೊದಲ ಇನಿಂಗ್ಸ್ ಪೂರ್ತಿ ನೋಡಿ, ಕೊನೆಯ ಹದಿನೈದು ಓವರ್ ಬಿಟ್ಟು ಹೊರಟರೂ ಹಣಕ್ಕೆ ನ್ಯಾಯ ಸಿಕ್ಕಂತೆಯೇ.

ರಣಜಿ: ಬಿಟ್ಟಿ ಸಿಗುವ ಒಳ್ಳೆಯ ಕ್ರಿಕೆಟ್

ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ರಾಜ್ಯ ತಂಡಗಳ ದೇಶೀಯ ಟೂರ್ನಿಯಾದ ರಣಜಿ ಟ್ರೋಫಿಯನ್ನು ಎಂಟು ಸಲ ಗೆದ್ದ ರಾಜ್ಯ ನಮ್ಮದು, 2014-15ರ ನಂತರ ಅದಕ್ಕಾಗಿ ಕಾದಿರುವುದೂ ನಾವೇ. ಆದರೂ ತವರಿನ ರಣಜಿ ಪಂದ್ಯಗಳಿಗೆ ಜನ ಬೆರಳೆಣಿಕೆಯಷ್ಟು. ಸಾಮಾನ್ಯವಾಗಿ ಪ್ರವೇಶ ಉಚಿತ. ಆಡುವವರೇನೂ ಎರಡನೇ ದರ್ಜೆಯವರಲ್ಲ. ಭಾರತ ತಂಡದ ಆಟಗಾರರು ಬಿಡುವಿದ್ದಾಗ ದೇಶೀಯ ಕ್ರಿಕೆಟ್ ಆಡಬೇಕೆಂದು ಬಿಸಿಸಿಐ ಒತ್ತಾಯಿಸಿದ ಮೇಲೆ 2025ರ ಜನವರಿಯಲ್ಲಿ ಚಿನ್ನಸ್ವಾಮಿಯಲ್ಲಿ ಪಂಜಾಬ್ ಪರ ಶುಭಮನ್ ಗಿಲ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಪಂಜಾಬ್ 55ಕ್ಕೆ ಉರುಳಿತು, ನಮ್ಮ ಸ್ಮರಣ್ ರವಿಚಂದ್ರನ್ ದ್ವಿಶತಕ ಹೊಡೆದರು, ಎರಡನೆಯ ಇನಿಂಗ್ಸ್‌ನಲ್ಲಿ ಗಿಲ್ ಶತಕ ಬಾರಿಸಿದರು. ಅದರ ಬೆನ್ನಿಗೇ ಹರಿಯಾಣ ವಿರುದ್ಧದ ಪಂದ್ಯದಲ್ಲಿ ಕೆ.ಎಲ್. ರಾಹುಲ್ ಆಡಿದರು. ಐಪಿಎಲ್‌ನಲ್ಲಿ ಇವರನ್ನು ನೋಡಲು ಸಾವಿರಗಟ್ಟಲೆ ತೆರುವವರು ಈ ವಾರಗಳಲ್ಲಿ ಬಸ್ ಚಾರ್ಜು ಹಾಕಿಕೊಂಡು ಹೋಗಿದ್ದರೆ ಸಾಕಿತ್ತು.

ಇದಕ್ಕಿಂತ ಮುಖ್ಯವಾದ ಮಾತೊಂದು ನಮ್ಮ ಊರಿಗೇ ಸಂಬಂಧಿಸಿದ್ದು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಆಲೂರು ಮೈದಾನಗಳಿರುವುದು ಬೆಂಗಳೂರು ಉತ್ತರದ ದಾಸನಪುರ ಹೋಬಳಿಯಲ್ಲಿ, ಅಂದರೆ ತುಮಕೂರು ರಸ್ತೆಯ ಕಡೆಗೇ. ನೆಲಮಂಗಲ ದಾಟಿದ ಸ್ವಲ್ಪ ಹೊತ್ತಿಗೆ ಹೆದ್ದಾರಿಯಿಂದ ಒಳಗೆ ತಿರುಗಿದರಾಯಿತು. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನ ಮುಖವನ್ನೂ ನೋಡಬೇಕಿಲ್ಲ. 2022ರ ಜೂನ್‌ನಲ್ಲಿ ಕರ್ನಾಟಕ–ಉತ್ತರ ಪ್ರದೇಶ ಕ್ವಾರ್ಟರ್‌ಫೈನಲ್ ನಡೆದದ್ದು ಇಲ್ಲಿಯೇ. ಇಲ್ಲಿ ಬೌಂಡರಿ ಗೆರೆಯ ಹತ್ತಿರವೇ ನಿಂತು ನೋಡಬಹುದು. ಬ್ಯಾಟಿನ ನಡುವಿಗೆ ತಾಗಿದ ಸದ್ದು ಬೇರೆ, ಅಂಚಿಗೆ ತಾಗಿದ ಸದ್ದು ಬೇರೆ ಎಂಬುದು ಕಿವಿಗೇ ತಿಳಿಯುತ್ತದೆ. ಸ್ಲಿಪ್‌ನಿಂದ ಬೌಲರಿಗೆ ಕನ್ನಡದಲ್ಲಿ ಕೂಗಿ ಹೇಳುವ ಮಾತೂ ಕೇಳುತ್ತದೆ. ಕ್ರಿಕೆಟ್ ಕೋಚಿಂಗಿಗೆ ಹೋಗುವ ಮಗ ಅಥವಾ ಮಗಳಿದ್ದರೆ ಐಪಿಎಲ್‌ನ ಹತ್ತು ಪಂದ್ಯಗಳಿಗಿಂತ ಇಲ್ಲಿ ಕಳೆದ ಒಂದು ದಿನ ಹೆಚ್ಚು ಕಲಿಸುತ್ತದೆ. ಕೊರತೆಗಳೂ ಇವೆ. ನೆರಳಿನ ಸೀಟು, ಒಳ್ಳೆಯ ಶೌಚಾಲಯ, ಕ್ಯಾಂಟೀನು ಇರುತ್ತವೆಂಬ ಭರವಸೆ ಬೇಡ. ಬುತ್ತಿ, ನೀರು, ಟೋಪಿ ನೀವೇ ತೆಗೆದುಕೊಂಡು ಹೋಗಿ. ಪಂದ್ಯ ವಾರದ ದಿನಗಳಲ್ಲೇ ಬೀಳುವುದು ಹೆಚ್ಚು, ರಜೆ ಹಾಕಬೇಕಾಗುತ್ತದೆ. ಕೂಗಾಟ, ಸಂಗೀತ, ದೀಪಗಳ ಖುಷಿಗೆ ಹೋಗುವವರಿಗೆ ಬೇಸರವೇ ಗತಿ.

ನಮ್ಮ ಊರಿನ ಹತ್ತಿರ ಸೋರೆಕುಂಟೆಯ ಬಳಿ ಕ್ರಿಕೆಟ್ ಕ್ರೀಡಾಂಗಣಕ್ಕೆ 2024ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಅದು ಪೂರ್ಣಗೊಂಡ ದಿನ ಈ ಲೇಖನದ ಅರ್ಧ ಲೆಕ್ಕ ಬದಲಾಗುತ್ತದೆ. ಮಹಾರಾಜ ಟ್ರೋಫಿ ಟಿ20ಯಲ್ಲಿ ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿಯ ಹೆಸರಿನ ತಂಡಗಳಿವೆ, ತುಮಕೂರಿನದಿಲ್ಲ ಎಂಬುದು ನನಗೊಂದು ಸಣ್ಣ ಅಸಮಾಧಾನ. 2025ರಲ್ಲಿ ಆ ಟೂರ್ನಿಯೂ ಮೈಸೂರಿಗೆ ಹೋದ್ದರಿಂದ ನಮಗೆ ದೂರವೇ ಆಯಿತು.

ಫುಟ್‌ಬಾಲ್

ಕೂಗಾಟವೂ ಬೇಕು, ಜೇಬಿಗೂ ಹೊರೆಯಾಗಬಾರದು ಎನ್ನುವವರಿಗೆ ಕಂಠೀರವದಲ್ಲಿ ನಡೆಯುವ ಬೆಂಗಳೂರು ಎಫ್‌ಸಿ ಪಂದ್ಯಗಳೇ ಉತ್ತರ. 2013ರಲ್ಲಿ ಹುಟ್ಟಿದ ಈ ತಂಡ ಎರಡು ಸಲ ಐ-ಲೀಗ್, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದಿದೆ. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಗುಂಪು ತೊಂಬತ್ತು ನಿಮಿಷವೂ ನಿಂತೇ ಹಾಡುತ್ತದೆ. ಅವರ ಪಕ್ಕದಲ್ಲಿ ಕೂತರೆ ಆಟದ ನಿಯಮ ಗೊತ್ತಿಲ್ಲದವನಿಗೂ ಹುಮ್ಮಸ್ಸು ಬರುತ್ತದೆ. ಟಿಕೆಟ್ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ, 500ರ ಒಳಗಿನದಾದರೆ ಜಿಎಸ್‌ಟಿ ಇಲ್ಲ. ಒಬ್ಬರಿಗೆ 300 ಎಂದು ಹಿಡಿದರೆ ನಾಲ್ವರಿಗೆ 1,200. ಪ್ರಯಾಣ, ತಿಂಡಿ ಸೇರಿ ಮೂರು ಸಾವಿರದ ಒಳಗೆ ಮುಗಿಯುತ್ತದೆ. ಐಪಿಎಲ್‌ನ ಒಂದು ಸಂಜೆಯ ಹಣದಲ್ಲಿ ಇಂಥ ನಾಲ್ಕು ಸಂಜೆ.

ಆಟ ಎರಡು ಗಂಟೆಯೊಳಗೆ ಮುಗಿಯುವುದು ಗಂಟೆಯ ಲೆಕ್ಕದಲ್ಲಿ ನಷ್ಟ, ಮನೆ ಸೇರುವ ಲೆಕ್ಕದಲ್ಲಿ ಲಾಭ. ಸಂಜೆ ಏಳೂವರೆಯ ಪಂದ್ಯವಾದರೂ ಒಂಬತ್ತೂವರೆಗೆ ಹೊರಗಿರುತ್ತೀರಿ, ಮೆಟ್ರೊದಲ್ಲಿ ನೂಕುನುಗ್ಗಲೂ ಇರುವುದಿಲ್ಲ, ಊರೊಳಗೆ ಬರುವ ಬಸ್ಸೂ ಸಿಗುತ್ತದೆ. ಆದರೆ ಓಡುಹಾದಿ ಇರುವ ಅಥ್ಲೆಟಿಕ್ಸ್ ಕ್ರೀಡಾಂಗಣವಾದ್ದರಿಂದ ಸೀಟಿನಿಂದ ಮೈದಾನ ಸ್ವಲ್ಪ ದೂರ. ಇನ್ನೊಂದು ಎಚ್ಚರಿಕೆ: ಭಾರತೀಯ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗಿನ ವಾಣಿಜ್ಯ ಪಾಲುದಾರರ ನಡುವಿನ ಒಪ್ಪಂದದ ಗೊಂದಲದಿಂದ 2025-26ರ ಐಎಸ್‌ಎಲ್ ತಿಂಗಳುಗಟ್ಟಲೆ ತಡವಾಯಿತು. ವರ್ಷದ ಆರಂಭದಲ್ಲೇ ಯೋಜನೆ ಹಾಕಿಕೊಳ್ಳುವ ಬದಲು ಪಂದ್ಯದ ದಿನಾಂಕ ಗಟ್ಟಿಯಾದ ಮೇಲೆ ಟಿಕೆಟ್ ತೆಗೆದುಕೊಳ್ಳಿ. ಇಲ್ಲಿ ಕೆಲವೇ ನಿಮಿಷಗಳಲ್ಲಿ ಟಿಕೆಟ್ ಖಾಲಿಯಾಗುವ ಭಯವಿಲ್ಲ.

ಕಬಡ್ಡಿ

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕಬಡ್ಡಿಗಿರುವ ಅಭಿಮಾನ ನೋಡಿದರೆ ಇದೇ ಮೊದಲ ಆಯ್ಕೆಯಾಗಬೇಕಿತ್ತು. ಒಂದು ಪಂದ್ಯ 40 ನಿಮಿಷ, ಒಂದೇ ಟಿಕೆಟಿನಲ್ಲಿ ಒಂದು ಸಂಜೆಗೆ ಎರಡು ಮೂರು ಪಂದ್ಯ ನೋಡಬಹುದು, ಒಳಾಂಗಣವಾದ್ದರಿಂದ ಮಳೆಯ ಕಾಟವಿಲ್ಲ. ಆದರೆ ಪ್ರೊ ಕಬಡ್ಡಿಯ ನಮ್ಮ ತಂಡವಾದ ಬೆಂಗಳೂರು ಬುಲ್ಸ್ ಪಂದ್ಯಗಳು ಬೆಂಗಳೂರಿನಲ್ಲೇ ನಡೆಯಬೇಕಲ್ಲ! 2024ರ ಪ್ರೊ ಕಬಡ್ಡಿ ಹೈದರಾಬಾದ್, ನೊಯ್ಡಾ, ಪುಣೆಗಳಲ್ಲಿ ನಡೆಯಿತು. 2025ರದ್ದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ. ಕಂಠೀರವ ಒಳಾಂಗಣಕ್ಕೆ ಟೂರ್ನಿ ಮರಳಿದ ವರ್ಷ ಕಣ್ಣುಮುಚ್ಚಿಕೊಂಡು ಟಿಕೆಟ್ ತೆಗೆದುಕೊಳ್ಳಬಹುದು. ಅಲ್ಲಿಯವರೆಗೆ ನಮ್ಮ ತಾಲ್ಲೂಕುಗಳ ಹೊನಲು ಬೆಳಕಿನ ಪಂದ್ಯಾವಳಿಗಳೇ ಸೈ. ಅಲ್ಲಿ ಮ್ಯಾಟಿನಿಂದ ಮೂರು ಮಾರು ದೂರದಲ್ಲಿ ಕೂತು ನೋಡಬಹುದು.

ಮನೆಯಲ್ಲೇ ನೋಡುವುದು

ಇದನ್ನು ಸೋಲೆಂದು ತಿಳಿಯಬೇಕಿಲ್ಲ. 2025ರಲ್ಲಿ ಜಿಯೊಹಾಟ್‌ಸ್ಟಾರ್‌ನ ಮೊಬೈಲ್ ಯೋಜನೆ ಮೂರು ತಿಂಗಳಿಗೆ 149 ರೂಪಾಯಿ ಇತ್ತು, ಐಪಿಎಲ್‌ನ 74 ಪಂದ್ಯಗಳೂ ಅದರಲ್ಲಿ ಸಿಗುತ್ತಿದ್ದವು, ಕನ್ನಡದ ವೀಕ್ಷಕ ವಿವರಣೆಯೂ ಇತ್ತು. ಆಟದ ಸೂಕ್ಷ್ಮ ತಿಳಿಯಬೇಕೆನ್ನುವವರಿಗೆ ಮೇಲಿನ ಸ್ಟ್ಯಾಂಡಿನ ಸೀಟಿಗಿಂತ ಇದೇ ಮೇಲು. ಮನೆಯಲ್ಲಿ ಸಿಗದಿರುವುದು ಜನರ ನಡುವಿನ ಉತ್ಸಾಹ ಮಾತ್ರ.

ಹಾಗಾದರೆ ಯಾರಿಗೆ ಯಾವುದು?

ಕೈಯಲ್ಲಿ ಸಾವಿರ ರೂಪಾಯಿ ಇರುವ ಕಾಲೇಜು ವಿದ್ಯಾರ್ಥಿಗೆ ಫುಟ್‌ಬಾಲ್ ಸರಿ. ಕ್ರಿಕೆಟ್ಟೇ ಬೇಕೆಂದರೆ ಅಕ್ಟೋಬರ್‌ನಿಂದ ಫೆಬ್ರವರಿಯೊಳಗಿನ ರಣಜಿ ವೇಳಾಪಟ್ಟಿ ನೋಡಿಕೊಂಡು, ಭಾರತ ತಂಡಕ್ಕೆ ಸರಣಿ ಇಲ್ಲದ ವಾರಗಳನ್ನು ಗುರುತು ಹಾಕಿಟ್ಟುಕೊಳ್ಳಲಿ. ಚಿಕ್ಕ ಮಕ್ಕಳಿರುವ ಕುಟುಂಬದ ಮೊದಲ ಪಂದ್ಯ ಐಪಿಎಲ್ ಆಗದಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಏಳು ವರ್ಷದ ಮಗುವಿಗೆ ಅಷ್ಟು ಸದ್ದು, ಅಷ್ಟು ಸಾಲು, ಅಷ್ಟು ರಾತ್ರಿ ಮೂರೂ ಒಟ್ಟಿಗೆ ಬೇಡ. ಭಾನುವಾರದ ಫುಟ್‌ಬಾಲ್ ಪಂದ್ಯ ನೋಡಿ, ಮಗುವಿಗೆ ಮೈದಾನದ ಅಭ್ಯಾಸವಾದ ಮೇಲೆ ಮುಂದಿನದನ್ನು ಯೋಚಿಸಿ. ಹತ್ತು ದಾಟಿದ ಮಕ್ಕಳು ಹಟ ಹಿಡಿದಿದ್ದರೆ ನಾಲ್ವರೂ ಹೋಗುವ ಬದಲು ಒಬ್ಬ ದೊಡ್ಡವರು ಮಕ್ಕಳನ್ನು ಕರೆದುಕೊಂಡು ಮಧ್ಯಾಹ್ನದ ಐಪಿಎಲ್ ಪಂದ್ಯಕ್ಕೆ ಹೋಗಿಬರಬಹುದು. ಒಂದು ಟಿಕೆಟಿನ 2,800 ಉಳಿದರೆ ಅದರಲ್ಲಿ ಎಲ್ಲರೂ ಸೇರಿ ಒಂದು ಫುಟ್‌ಬಾಲ್ ಪಂದ್ಯ ನೋಡಬಹುದು.

ಭಾನುವಾರ ಬಿಟ್ಟರೆ ಬಿಡುವಿಲ್ಲದ ಅಂಗಡಿಯವರು, ನೌಕರರು ರಣಜಿಯ ಆಸೆ ಇಟ್ಟುಕೊಳ್ಳಬೇಡಿ. ಟೆಸ್ಟ್ ಬಂದಾಗ ಭಾನುವಾರ ಎಷ್ಟನೆಯ ದಿನವಾಗಿ ಬೀಳುತ್ತದೆ ನೋಡಿ, ನಾಲ್ಕನೆಯದಾದರೆ ತೆಗೆದುಕೊಳ್ಳಿ, ಐದನೆಯದಾದರೆ ನಾಲ್ಕನೆಯ ದಿನದ ಸಂಜೆಯ ಸ್ಕೋರ್ ನೋಡುವವರೆಗೆ ಕಾಯಿರಿ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಅವರನ್ನು ನೋಡಿ ಬೆಳೆದ ಹಿರಿಯರನ್ನು ಕರೆದುಕೊಂಡು ಹೋಗುವವರು ಟೆಸ್ಟಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ನೆರಳಿರುವ, ಮೆಟ್ಟಿಲು ಕಡಿಮೆ ಇರುವ ಸ್ಟ್ಯಾಂಡನ್ನೇ ಆರಿಸಿ; ಅಲ್ಲಿ ಶೇ. 18 ತೆರಿಗೆ ಬಿದ್ದರೂ ಐಪಿಎಲ್‌ನ ಅಗ್ಗದ ಸೀಟಿಗಿಂತ ಕಡಿಮೆಗೇ ಸಿಗುವ ಸಾಧ್ಯತೆ ಹೆಚ್ಚು. ಕೊಹ್ಲಿಯನ್ನೇ ನೋಡಬೇಕೆನ್ನುವವರಿಗೆ ಮಾತ್ರ ಸುತ್ತುಬಳಸಿ ಹೇಳುವುದು ಏನೂ ಇಲ್ಲ. ಅವರು ಟೆಸ್ಟಿನಿಂದಲೂ ಅಂತರರಾಷ್ಟ್ರೀಯ ಟಿ20ಯಿಂದಲೂ ನಿವೃತ್ತರಾಗಿದ್ದಾರೆ. ಅಪರೂಪಕ್ಕೆ ಬರುವ ಏಕದಿನ ಪಂದ್ಯವನ್ನು ಬಿಟ್ಟರೆ, ಬೆಂಗಳೂರಿನಲ್ಲಿ ಅವರು ಆಡುವುದನ್ನು ನೋಡಲು ಐಪಿಎಲ್ಲೇ ಮುಖ್ಯ ದಾರಿ. ಅಂಥವರು ಈಗಿನಿಂದಲೇ ತಿಂಗಳಿಗೆ ಐನೂರರಂತೆ ಎತ್ತಿಟ್ಟುಕೊಂಡು, ಆರ್‌ಸಿಬಿ ಜಾಲತಾಣದಲ್ಲಿ ಖಾತೆ ತೆರೆದಿಟ್ಟು, ಮಾರ್ಚ್ ಕೊನೆಯ ಅಥವಾ ಏಪ್ರಿಲ್ ಮೊದಲ ವಾರದಲ್ಲಿ 3.30ಕ್ಕೆ ಶುರುವಾಗುವ ಪಂದ್ಯ ಚಿನ್ನಸ್ವಾಮಿಯಲ್ಲಿ ಇದೆಯೇ ಎಂದು ವೇಳಾಪಟ್ಟಿ ಬಂದ ದಿನವೇ ನೋಡಿಕೊಳ್ಳುವುದು ಒಳ್ಳೆಯದು.